ಕಾನೂನು ಪ್ರಶ್ನೋತ್ತರ: ನ್ಯಾಯಾಲಯದ ಕಾಗದ ತಲುಪಿಸುವ ಕೆಲಸ

ಸಮನ್ಸ್ ಜಾರಿಯ, ಅಂದರೆ ಹಾಜರಾಗಿ ಉತ್ತರಿಸಬೇಕೆಂಬ ನ್ಯಾಯಾಲಯದ ಕರೆಯನ್ನು ತಲುಪಿಸುವ ಕೆಲಸದ ಬಗ್ಗೆ ಹಿಂದೊಮ್ಮೆ ಈ ಅಂಕಣದಲ್ಲಿ ಬರೆದಿದ್ದ ಸಣ್ಣ ಉತ್ತರವನ್ನು ಓದಿ ಹಲವರು ಪತ್ರ ಬರೆದಿದ್ದಾರೆ. ಅವುಗಳಲ್ಲಿ ಆರನ್ನು ಆರಿಸಿಕೊಂಡು ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಆ ಕೆಲಸಕ್ಕೇ ಮೀಸಲಿಟ್ಟಿದ್ದೇನೆ. ಪತ್ರ ಬರೆದವರ ಹೆಸರುಗಳನ್ನು ಬಿಟ್ಟು ಊರುಗಳನ್ನು ಮಾತ್ರ ಕೊಟ್ಟಿದೆ.

ಪ್ರಶ್ನೆ: ನಾನು ಹಾಸನದವಳು. ಮದುವೆಯಾಗಿ ಟೆಕ್ಸಾಸ್ ರಾಜ್ಯದ ಡಲ್ಲಾಸ್ ಸಮೀಪಕ್ಕೆ ಬಂದು ಆರು ವರ್ಷವಾಯಿತು. ಊರಿನಲ್ಲಿದ್ದಾಗ ಬಿ.ಕಾಂ. ಮುಗಿಸಿ ವಕೀಲರೊಬ್ಬರ ಕಚೇರಿಯಲ್ಲಿ ಎರಡು ವರ್ಷ ಗುಮಾಸ್ತೆಯಾಗಿ ಕೆಲಸ ಮಾಡಿದ್ದೆ. ಇಲ್ಲಿ ಖಾಸಗಿ ವ್ಯಕ್ತಿಗಳೇ ಪ್ರಮಾಣಪತ್ರ ಪಡೆದು ಕೋರ್ಟಿನ ಸಮನ್ಸ್ ತಲುಪಿಸುತ್ತಾರೆ ಎಂದು ತಿಳಿದು ಆಸಕ್ತಿ ಹುಟ್ಟಿದೆ. ಇದಕ್ಕೆ ಕಾನೂನು ಪದವಿ ಬೇಕೇ? ಪ್ರಮಾಣಪತ್ರ ಪಡೆಯುವುದು ಹೇಗೆ? ಮಕ್ಕಳು ಶಾಲೆಗೆ ಹೋಗಿರುವ ಹೊತ್ತಿನಲ್ಲಿ ಈ ಕೆಲಸ ಮಾಡಿಕೊಂಡು ಬರಬಹುದೇ? (ಪ್ಲೇನೋ, ಟೆಕ್ಸಾಸ್)

ಉತ್ತರ: ಕಾನೂನು ಪದವಿ ಬೇಕಿಲ್ಲ. ಆದರೆ ಪ್ರಮಾಣಪತ್ರದ ಮಾತಿಗೆ ಮೊದಲು ನಿಮ್ಮ ವೀಸಾದ ಮಾತು ಮುಗಿಯಬೇಕು, ಏಕೆಂದರೆ ನೀವು ಯಾವ ವೀಸಾದಲ್ಲಿದ್ದೀರಿ ಎಂಬುದನ್ನು ಪತ್ರದಲ್ಲಿ ಬರೆದಿಲ್ಲ. ಟೆಕ್ಸಾಸಿನಲ್ಲಿ ಸಮನ್ಸ್ ತಲುಪಿಸುವ ಖಾಸಗಿ ವ್ಯಕ್ತಿಯನ್ನು ಪ್ರೊಸೆಸ್ ಸರ್ವರ್ ಎನ್ನುತ್ತಾರೆ. ಇವರಲ್ಲಿ ಹೆಚ್ಚಿನವರು ಯಾರ ಕೈಕೆಳಗೂ ಸಂಬಳಕ್ಕಿಲ್ಲದೆ, ಒಂದೊಂದು ಕಾಗದಕ್ಕೆ ಇಷ್ಟು ಎಂದು ಹಣ ಪಡೆದು ಸ್ವಂತವಾಗಿ ಕೆಲಸ ಮಾಡುತ್ತಾರೆ. ಸ್ವಂತ ಕೆಲಸವಾದರೆ ವೀಸಾ ನಿಯಮ ತಟ್ಟುವುದಿಲ್ಲ ಎಂಬ ತಪ್ಪು ತಿಳಿವಳಿಕೆ ನಮ್ಮವರಲ್ಲಿ ಬಹಳ ಇದೆ. ಕೆಲಸದ ವೀಸಾದಲ್ಲಿರುವವರ ಸಂಗಾತಿಗೆ ಕೊಡುವ ಎಚ್-4 ವೀಸಾದಲ್ಲಿರುವವರು ಕೆಲಸದ ಅನುಮತಿ ಪತ್ರ, ಅಂದರೆ ಇಎಡಿ ಕಾರ್ಡು, ಕೈಗೆ ಬರುವವರೆಗೆ ಹಣಕ್ಕಾಗಿ ಒಂದು ಲಕೋಟೆಯನ್ನೂ ತಲುಪಿಸುವಂತಿಲ್ಲ. ಪತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ನಿರ್ದಿಷ್ಟ ಹಂತ ದಾಟಿದ್ದರೆ 2015ರಿಂದ ಈ ಕಾರ್ಡು ಪಡೆಯಲು ಅವಕಾಶವಿದೆ. ನಿಮಗೇ ಗ್ರೀನ್ ಕಾರ್ಡ್ ಬಂದಿದ್ದರೆ ಈ ತೊಡಕೇ ಇಲ್ಲ.

ಇನ್ನು ಪ್ರಮಾಣಪತ್ರದ ವಿಷಯ. ಟೆಕ್ಸಾಸಿನಲ್ಲಿ ಹಿಂದಿನಿಂದಲೂ ಸಮನ್ಸ್ ಜಾರಿ ಮಾಡುತ್ತಿದ್ದವರು ಶೆರಿಫ್ ಮತ್ತು ಕಾನ್‌ಸ್ಟೇಬಲ್‌ಗಳು. (ಅಲ್ಲಿನ ಕಾನ್‌ಸ್ಟೇಬಲ್ ನಮ್ಮ ಠಾಣೆಯ ಪೇದೆಯಲ್ಲ, ಜನರಿಂದ ಚುನಾಯಿತನಾದ ಅಧಿಕಾರಿ.) 2005ರಲ್ಲಿ ಅಲ್ಲಿನ ರಾಜ್ಯ ಸುಪ್ರೀಂ ಕೋರ್ಟು ಖಾಸಗಿ ವ್ಯಕ್ತಿಗಳಿಗೆ ಇಡೀ ರಾಜ್ಯಕ್ಕೆ ಅನ್ವಯಿಸುವ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು ತಂದಿತು. 2014ರಿಂದ ಆ ಹೊಣೆಯನ್ನು ಜುಡಿಷಿಯಲ್ ಬ್ರಾಂಚ್ ಸರ್ಟಿಫಿಕೇಷನ್ ಕಮಿಷನ್ ಎಂಬ ಆಯೋಗ ಹೊತ್ತಿದೆ. ಅರ್ಜಿದಾರರಿಗೆ 18 ವರ್ಷ ತುಂಬಿರಬೇಕು. ಆಯೋಗ ಒಪ್ಪಿದ ಸಿವಿಲ್ ಜಾರಿ ತರಬೇತಿಯನ್ನು ಮೊದಲು ಮುಗಿಸಬೇಕು. ಬೆರಳಚ್ಚು ಕೊಟ್ಟು ಅಪರಾಧ ಹಿನ್ನೆಲೆಯ ತಪಾಸಣೆಗೆ ಒಳಗಾಗಬೇಕು. ಇಷ್ಟಾದ ಮೇಲೆ ಶುಲ್ಕದೊಂದಿಗೆ ಅರ್ಜಿ ಸಲ್ಲಿಸಿದರೆ, ಒಪ್ಪಿಗೆಯಾದವರಿಗೆ ಒಂದು ಗುರುತಿನ ಸಂಖ್ಯೆ ಬರುತ್ತದೆ. ಪ್ರಮಾಣಪತ್ರಕ್ಕೆ ಅವಧಿಯಿದ್ದು, ಅದು ಮುಗಿಯುವ ಮೊದಲು ನವೀಕರಿಸಿಕೊಳ್ಳಬೇಕು. ಅವಧಿ ಮುಗಿದ ಪ್ರಮಾಣಪತ್ರ ಇಟ್ಟುಕೊಂಡು ಕೊಟ್ಟ ಸಮನ್ಸಿನ ಮೇಲೆ ಎದುರಾಳಿಯ ವಕೀಲರು ಖಂಡಿತ ತಕರಾರು ಎತ್ತುತ್ತಾರೆ.

ಈ ಪ್ರಮಾಣಪತ್ರ ನಿಮ್ಮನ್ನು ಪೊಲೀಸರನ್ನಾಗಿ ಮಾಡುವುದಿಲ್ಲ. ಗೇಟು ದೂಡಿಕೊಂಡು ಒಳಗೆ ಹೋಗುವ, ಬಾಗಿಲಿಗೆ ಕಾಲು ಅಡ್ಡ ಕೊಡುವ, ಅಧಿಕಾರಿಯೆಂದು ಹೇಳಿಕೊಳ್ಳುವ ಹಕ್ಕು ಯಾವುದೂ ಅದರಲ್ಲಿಲ್ಲ. ನೀವು ಆ ಮೊಕದ್ದಮೆಯ ಪಕ್ಷಕಾರರಾಗಿರಬಾರದು, ಅದರ ಫಲಿತಾಂಶದಲ್ಲಿ ನಿಮಗೆ ಹಿತಾಸಕ್ತಿಯೂ ಇರಬಾರದು. ಆದ್ದರಿಂದ ಸ್ವಂತ ಮೊಕದ್ದಮೆಯ ಕಾಗದವನ್ನು ಎಂದೂ ಕೈಗೆತ್ತಿಕೊಳ್ಳಬೇಡಿ, ನೆಂಟರಿಷ್ಟರದ್ದರಿಂದಲೂ ದೂರವಿರಿ. ಬಾಡಿಗೆ ಮನೆ ಖಾಲಿ ಮಾಡಿಸುವ ದಾವೆಯ ಸಮನ್ಸ್ ಮತ್ತು ವ್ಯಕ್ತಿಯನ್ನಾಗಲಿ ವಸ್ತುವನ್ನಾಗಲಿ ವಶಕ್ಕೆ ತೆಗೆದುಕೊಳ್ಳುವ ಆದೇಶಗಳನ್ನು, ನ್ಯಾಯಾಲಯ ಲಿಖಿತವಾಗಿ ಬೇರೆ ರೀತಿ ಹೇಳದಿದ್ದರೆ, ಶೆರಿಫ್ ಅಥವಾ ಕಾನ್‌ಸ್ಟೇಬಲ್ ಮಾತ್ರ ಜಾರಿ ಮಾಡಬೇಕು. ಭಾನುವಾರ ಕೆಲವು ತುರ್ತು ಆದೇಶಗಳನ್ನು ಬಿಟ್ಟು ಉಳಿದ ಯಾವ ಸಿವಿಲ್ ಕಾಗದವನ್ನೂ ಅಲ್ಲಿ ಕೊಡುವಂತಿಲ್ಲ.

ಮಕ್ಕಳು ಶಾಲೆಯಲ್ಲಿರುವ ಹೊತ್ತಿನ ಬಗ್ಗೆ ಕೇಳಿದ್ದೀರಿ. ಆ ಹೊತ್ತಿನಲ್ಲಿ ಕಚೇರಿ, ಅಂಗಡಿ, ಕಂಪನಿಗಳ ವಿಳಾಸಕ್ಕೆ ಹೋಗಬಹುದು. ಮನೆಯ ವಿಳಾಸಗಳಲ್ಲಿ ಜನ ಸಿಕ್ಕುವುದು ಮುಂಜಾನೆ ಮತ್ತು ಸಂಜೆ ಏಳರ ನಂತರ, ಅಥವಾ ಶನಿವಾರ. ಮಕ್ಕಳನ್ನು ನೋಡಿಕೊಳ್ಳಲು ಸಂಜೆ ಮನೆಯಲ್ಲಿ ಯಾರಾದರೂ ಇದ್ದರೆ ಮಾತ್ರ ಈ ಕೆಲಸ ನಿಮಗೆ ಒಗ್ಗುತ್ತದೆ. ಪೆಟ್ರೋಲು, ಕಾರಿನ ಸವೆತ, ವಿಮೆ ಎಲ್ಲವೂ ನಿಮ್ಮ ಖರ್ಚೇ. ಒಂದೇ ಮನೆಗೆ ನಾಲ್ಕು ಸಲ ಹೋದರೂ ಸಿಗುವುದು ಒಂದು ಕಾಗದದ ಹಣ ಎಂಬುದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಮನೆಯಲ್ಲಿದ್ದವರು ಕಾಗದ ಮುಟ್ಟುವುದಿಲ್ಲ ಎಂದು ಹಟ ಹಿಡಿದರೆ, ಅವರೇ ಪ್ರತಿವಾದಿ ಎಂಬುದು ಖಚಿತವಾಗಿದ್ದಲ್ಲಿ, ಇದು ನ್ಯಾಯಾಲಯದ ಸಮನ್ಸ್ ಎಂದು ಸ್ಪಷ್ಟವಾಗಿ ತಿಳಿಸಿ ಅವರ ಎದುರಿಗೇ ಇಟ್ಟು ಬಂದರೆ ಅದನ್ನು ಸಾಮಾನ್ಯವಾಗಿ ಜಾರಿಯೆಂದೇ ಪರಿಗಣಿಸುತ್ತಾರೆ. ಪ್ರತಿವಾದಿ ಸಿಕ್ಕದೇ ಹೋದರೆ, ಯಾವ ದಿನ ಎಷ್ಟು ಹೊತ್ತಿಗೆ ಹೋದಿರಿ, ಏನು ಕಂಡಿರಿ ಎಂಬುದನ್ನು ನೀವು ಪ್ರಮಾಣ ಮಾಡಿ ಬರೆದುಕೊಡಬೇಕು. ಅದರ ಆಧಾರದ ಮೇಲೆ ವಾದಿಯ ವಕೀಲರು ಬದಲಿ ಜಾರಿಗೆ ಅರ್ಜಿ ಹಾಕುತ್ತಾರೆ. ಆಗ ನ್ಯಾಯಾಲಯವು ಅದೇ ವಿಳಾಸದಲ್ಲಿರುವ 16 ವರ್ಷ ಮೀರಿದ ಯಾರ ಕೈಯಲ್ಲಾದರೂ ಕೊಡಲು ಹೇಳಬಹುದು. 2020ರ ಕೊನೆಗೆ ಬಂದ ತಿದ್ದುಪಡಿಯ ನಂತರ ಇ-ಮೇಲ್ ಅಥವಾ ಸಾಮಾಜಿಕ ಜಾಲತಾಣದ ಮೂಲಕ ಕಳುಹಿಸಲೂ ಅನುಮತಿ ಕೊಡಬಹುದು. ನ್ಯಾಯಾಲಯದ ಆದೇಶವಿಲ್ಲದೆ ನೀವಾಗಿಯೇ ಬಾಗಿಲಿಗೆ ಅಂಟಿಸಿ ಬರಬಾರದು.

ಕಾಗದ ಕೊಟ್ಟು ಬಂದ ಮೇಲೆ ನೀವು ಬರೆಯುವ ಜಾರಿ ವರದಿಯೇ ಈ ವೃತ್ತಿಯ ತಿರುಳು ಎಂದು ನಾನು ತಿಳಿದಿದ್ದೇನೆ. ಮೊಕದ್ದಮೆಯ ಸಂಖ್ಯೆ, ನ್ಯಾಯಾಲಯ, ಯಾವ ಯಾವ ಕಾಗದ, ಅವು ನಿಮ್ಮ ಕೈಗೆ ಬಂದ ದಿನ ಮತ್ತು ಗಂಟೆ, ಯಾರಿಗೆ, ಯಾವ ವಿಳಾಸದಲ್ಲಿ, ಯಾವ ದಿನ, ಯಾವ ರೀತಿ ಕೊಟ್ಟಿರಿ, ನಿಮ್ಮ ಗುರುತಿನ ಸಂಖ್ಯೆ ಮತ್ತು ಅದರ ಅವಧಿ ಮುಗಿಯುವ ದಿನಾಂಕ ಇಷ್ಟೂ ಅದರಲ್ಲಿರಬೇಕು. ಸುಳ್ಳು ಬರೆದರೆ ಶಿಕ್ಷೆಗೆ ಒಳಪಡುತ್ತೇನೆ ಎಂದು ಒಪ್ಪಿ ಸಹಿ ಹಾಕಬೇಕು ಅಥವಾ ನೋಟರಿಯಂಥವರ ಮುಂದೆ ಪ್ರಮಾಣ ಮಾಡಬೇಕು. ಟೆಕ್ಸಾಸಿನ ಜಿಲ್ಲಾ ನ್ಯಾಯಾಲಯದಲ್ಲಿ ಪ್ರತಿವಾದಿಯು ಸಮನ್ಸ್ ಕೈಗೆ ಬಂದು 20 ದಿನ ಕಳೆದ ನಂತರದ ಮೊದಲ ಸೋಮವಾರ ಬೆಳಿಗ್ಗೆ 10 ಗಂಟೆಯೊಳಗೆ ಉತ್ತರ ಸಲ್ಲಿಸಬೇಕು. ಸಲ್ಲಿಸದಿದ್ದರೆ, ನಿಮ್ಮ ವರದಿ ಕಡತದಲ್ಲಿ 10 ದಿನ ಇದ್ದ ಮೇಲೆ, ಅವರ ಗೈರುಹಾಜರಿಯಲ್ಲೇ ತೀರ್ಪು ಕೊಡಬಹುದು. ಅಂದರೆ ಒಬ್ಬರ ಮನೆ, ಸಂಬಳ, ಮಕ್ಕಳ ಪಾಲನೆಯ ಹಕ್ಕು ನೀವು ಬರೆದ ಒಂದು ಗಂಟೆ, ಒಂದು ವಿಳಾಸದ ಮೇಲೆ ನಿಂತಿರುತ್ತವೆ.

ಅದು ಕೆಟ್ಟರೆ ಏನಾಗುತ್ತದೆ ಎಂಬುದನ್ನು ನ್ಯೂಯಾರ್ಕ್ ತೋರಿಸಿಕೊಟ್ಟಿದೆ. ಕಾಗದವನ್ನು ಚರಂಡಿಗೆ ಎಸೆದು, ಕೊಟ್ಟೆನೆಂದು ಪ್ರಮಾಣ ಮಾಡುವ ಚಾಳಿಗೆ ಅಲ್ಲಿ ‘ಸ್ಯೂಯರ್ ಸರ್ವಿಸ್’ ಎಂಬ ಹೆಸರೇ ಇದೆ. ಸಾಲ ವಸೂಲಿಯ ದಾವೆಗಳಲ್ಲಿ ಹೀಗೆ ಹುಟ್ಟಿದ ಸುಮಾರು ಒಂದು ಲಕ್ಷ ತೀರ್ಪುಗಳನ್ನು ರದ್ದುಪಡಿಸಬೇಕೆಂದು ಆ ರಾಜ್ಯದ ಅಟಾರ್ನಿ ಜನರಲ್ 2009ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಮರುವರ್ಷವೇ ನ್ಯೂಯಾರ್ಕ್ ನಗರವು ಪರವಾನಗಿ ಪಡೆದ ಪ್ರೊಸೆಸ್ ಸರ್ವರ್‌ಗಳು ತಾವು ಹೋದ ಜಾಗವನ್ನು ಜಿಪಿಎಸ್ ಮೂಲಕ ದಾಖಲಿಸಬೇಕೆಂದು ಕಾನೂನು ಮಾಡಿತು.

ಪ್ರಶ್ನೆ: ಗೆಳೆಯರಾದ ವಕೀಲರಿಗೆ ಸಹಾಯವಾಗಲೆಂದು ವರ್ಷಕ್ಕೆ ನಾಲ್ಕೈದು ಬಾರಿ ಸಮನ್ಸ್ ತಲುಪಿಸಿಕೊಡುತ್ತೇನೆ. ನಾನೂ ನೋಂದಾಯಿಸಿಕೊಳ್ಳಬೇಕೇ? (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ)

ಉತ್ತರ: ಬೇಕಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಒಂದು ಕ್ಯಾಲೆಂಡರ್ ವರ್ಷದಲ್ಲಿ ಹಣಕ್ಕಾಗಿ 10ಕ್ಕಿಂತ ಹೆಚ್ಚು ಜಾರಿ ಮಾಡುವವರು ಮಾತ್ರ ತಮ್ಮ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥ ಆಡಳಿತ ವಿಭಾಗ) ನೋಂದಾಯಿಸಿಕೊಳ್ಳಬೇಕು. ಅದಕ್ಕೆ ಆ ರಾಜ್ಯದಲ್ಲಿ ಒಂದು ವರ್ಷ ವಾಸವಾಗಿರಬೇಕು, ಬೆರಳಚ್ಚು ಕೊಡಬೇಕು, 2,000 ಡಾಲರಿನ ಜಾಮೀನು ಬಾಂಡ್ ಒದಗಿಸಬೇಕು. ನೋಂದಣಿಯಿಂದ ಒಂದು ಅನುಕೂಲವೂ ಇದೆ: ಕಾವಲುಗಾರರಿರುವ ಬಡಾವಣೆಗಳಲ್ಲಿ ಗುರುತಿನ ಚೀಟಿ ತೋರಿಸಿದ ನೋಂದಾಯಿತ ಪ್ರೊಸೆಸ್ ಸರ್ವರನ್ನು ಒಳಗೆ ಬಿಡಲೇಬೇಕೆಂದು ಅಲ್ಲಿನ ಕಾನೂನು ಹೇಳುತ್ತದೆ. ನೋಂದಣಿಯಿಲ್ಲದ ನೀವು ಗೇಟಿನ ಹೊರಗೇ ಕಾಯಬೇಕಾಗಬಹುದು.

ಪ್ರಶ್ನೆ: ಎಸ್ಸೆಸ್ಸೆಲ್ಸಿ ಪಾಸಾಗಿ ಪಿಯುಸಿ ಅರ್ಧಕ್ಕೆ ಬಿಟ್ಟಿದ್ದೇನೆ. ಕೋರ್ಟಿನ ಸಮನ್ಸ್ ಹಂಚುವ ‘ಲೈಸೆನ್ಸ್’ ಕೊಡಿಸುತ್ತೇವೆ, 15 ಸಾವಿರ ಕಟ್ಟಬೇಕು ಎಂದು ನಮ್ಮೂರಿನ ಸೈಬರ್ ಸೆಂಟರಿನಲ್ಲಿ ಪರಿಚಯವಾದವರೊಬ್ಬರು ಹೇಳುತ್ತಿದ್ದಾರೆ. ಕಟ್ಟಬಹುದೇ? ನಮ್ಮಲ್ಲಿ ಈ ಕೆಲಸಕ್ಕೆ ಸೇರುವುದು ಹೇಗೆ? (ಕೋಲಾರ ಜಿಲ್ಲೆ)

ಉತ್ತರ: ಒಂದು ರೂಪಾಯಿಯನ್ನೂ ಕಟ್ಟಬೇಡಿ. ಖಾಸಗಿ ವ್ಯಕ್ತಿಯೊಬ್ಬನಿಗೆ ಸಮನ್ಸ್ ಹಂಚಲು ಲೈಸೆನ್ಸ್ ಕೊಡುವ ಪದ್ಧತಿ ಭಾರತದಲ್ಲಿ ಇಲ್ಲ. ಈಗಾಗಲೇ ಹಣ ಕೊಟ್ಟಿದ್ದರೆ ರಶೀದಿ ಮತ್ತು ಮೊಬೈಲಿನ ಸಂದೇಶಗಳನ್ನು ಅಳಿಸದೆ ಇಟ್ಟುಕೊಂಡು ಪೊಲೀಸರಿಗೆ ದೂರು ಕೊಡಿ.

ನಮ್ಮಲ್ಲಿ ಸಿವಿಲ್ ಸಮನ್ಸ್ ಹೇಗೆ ಹೋಗಬೇಕು ಎಂಬುದನ್ನು ಸಿವಿಲ್ ಪ್ರಕ್ರಿಯಾ ಸಂಹಿತೆಯ 5ನೇ ಆದೇಶ (ಸಂಹಿತೆಯ ಅಧ್ಯಾಯಗಳಿಗೆ ಇರುವ ಹೆಸರು ‘ಆದೇಶ’) ಹೇಳುತ್ತದೆ. ನ್ಯಾಯಾಲಯದ ನೌಕರನೇ ಕೊಡುವುದು ಹಳೆಯ ಮತ್ತು ಮುಖ್ಯ ದಾರಿ. 2002ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಸ್ಪೀಡ್ ಪೋಸ್ಟ್, ನ್ಯಾಯಾಲಯ ಒಪ್ಪಿದ ಕೊರಿಯರ್, ಇ-ಮೇಲ್ ಮುಂತಾದವನ್ನೂ ಸೇರಿಸಿತು. ವಾದಿಯು ಕೇಳಿಕೊಂಡರೆ ಸಮನ್ಸನ್ನು ಅವನ ಕೈಗೇ ಕೊಟ್ಟು ತಲುಪಿಸಲು ಬಿಡುವುದೂ ಉಂಟು. ನಮ್ಮ ನ್ಯಾಯಾಲಯಗಳಲ್ಲಿ ಇದಕ್ಕೆ ಹ್ಯಾಂಡ್ ಸಮನ್ಸ್ ಎನ್ನುತ್ತಾರೆ. ಕೊರಿಯರ್ ಸಂಸ್ಥೆಗಳ ಪಟ್ಟಿಯನ್ನು ಹೈಕೋರ್ಟ್ ಅಥವಾ ಜಿಲ್ಲಾ ನ್ಯಾಯಾಧೀಶರು ಸಿದ್ಧಪಡಿಸಬೇಕು. ನಿಮಗೆ ಆಸೆ ಹುಟ್ಟಿಸಿದವರು ಬಹುಶಃ ಇಂಥ ಯಾವುದೋ ಸಂಗತಿಯನ್ನು ತಿರುಚಿ ಹೇಳಿದ್ದಾರೆ.

ನೀವು ಸೇರಬಹುದಾದದ್ದು ಜಿಲ್ಲಾ ನ್ಯಾಯಾಲಯದ ‘ಆದೇಶ ಜಾರಿಕಾರ’ ಹುದ್ದೆಗೆ. ಪ್ರಧಾನ ಜಿಲ್ಲಾ ಮತ್ತು ಸತ್ರ ನ್ಯಾಯಾಧೀಶರು ಹುದ್ದೆ ಖಾಲಿಯಾದಾಗ ಅಧಿಸೂಚನೆ ಹೊರಡಿಸುತ್ತಾರೆ, ಅದು ಆಯಾ ಜಿಲ್ಲಾ ನ್ಯಾಯಾಲಯದ ಜಾಲತಾಣದಲ್ಲಿ ಪ್ರಕಟವಾಗುತ್ತದೆ. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಕನ್ನಡ ಓದಿ ಬರೆಯಲು ಚೆನ್ನಾಗಿ ಬರಬೇಕು. ವಯೋಮಿತಿ, ಮೀಸಲಾತಿ ಮತ್ತು ಸಡಿಲಿಕೆಗಳನ್ನು ಆಯಾ ಅಧಿಸೂಚನೆಯಲ್ಲೇ ನೋಡಿಕೊಳ್ಳಬೇಕು. ಜನ ಎಲ್ಲರನ್ನೂ ಸೇರಿಸಿ ‘ಅಮೀನ’ ಎನ್ನುವುದುಂಟು. ಆದರೆ ಜಪ್ತಿ ವಾರೆಂಟು ಜಾರಿ ಮಾಡುವ, ಜಮೀನಿನ ಸ್ವಾಧೀನ ಕೊಡಿಸುವ ಬೇಲಿಫ್ ಬೇರೆ, ಸಮನ್ಸ್ ಮತ್ತು ನೋಟಿಸು ತಲುಪಿಸುವ ಜಾರಿಕಾರ ಬೇರೆ.

ಸೇರುವ ಮೊದಲು ಕೆಲಸದ ಸ್ವರೂಪ ತಿಳಿದಿರಲಿ. ಬೆಳಿಗ್ಗೆ ನಾಜರ್ ಶಾಖೆಯಲ್ಲಿ, ಅಂದರೆ ಜಾರಿಯ ಕೆಲಸ ಹಂಚುವ ನ್ಯಾಯಾಲಯದ ವಿಭಾಗದಲ್ಲಿ, ಸಮನ್ಸುಗಳ ಕಟ್ಟು ಕೊಡುತ್ತಾರೆ. ಪಕ್ಷಕಾರರು ಪಿ.ಎಫ್. (ಪ್ರೊಸೆಸ್ ಫೀ, ಅಂದರೆ ಜಾರಿಯ ಶುಲ್ಕ) ಕಟ್ಟಿದ ಮೇಲೆ ಹೊರಟ ಆ ಸಮನ್ಸುಗಳನ್ನು ಊರಿನ ಪ್ರಕಾರ ಜೋಡಿಸಿಕೊಂಡು ಬಸ್ಸಿನಲ್ಲೋ ಬೈಕಿನಲ್ಲೋ ಹೊರಡಬೇಕು. ದಾವಾಪತ್ರದಲ್ಲಿ ವಿಳಾಸವೆಂದು ಇರುವುದು ಎಷ್ಟೋ ಸಲ ತಂದೆಯ ಹೆಸರು ಮತ್ತು ಊರಿನ ಹೆಸರು ಮಾತ್ರ. ಒಂದೇ ಹೆಸರಿನ ಮೂವರು ಇರುವ ಊರಿನಲ್ಲಿ ಸರಿಯಾದವರನ್ನು ಹುಡುಕುವುದು ನಿಮ್ಮ ಹೊಣೆ. ಕೊಟ್ಟ ಮೇಲೆ ಮೂಲ ಪ್ರತಿಯ ಹಿಂಬದಿಗೆ ಸಹಿ ಪಡೆದು ಷರಾ ಬರೆಯಬೇಕು.

ನಾನು ವಕೀಲಿಕೆ ಆರಂಭಿಸಿದ ಹೊಸತರಲ್ಲಿ ತಾಲ್ಲೂಕು ನ್ಯಾಯಾಲಯವೊಂದರಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಜಾರಿಕಾರರಿದ್ದರು. ಉಳಿದವರ ಷರಾ ಒಂದೂವರೆ ಸಾಲಿನಲ್ಲಿ ಮುಗಿದರೆ ಇವರದು ಹಾಳೆಯ ಅಂಚಿನವರೆಗೂ ಹರಿಯುತ್ತಿತ್ತು. ಪಾಲಿನ ದಾವೆಯೊಂದರಲ್ಲಿ ಪ್ರತಿವಾದಿಯೊಬ್ಬರು ಎರಡು ವರ್ಷದ ಮೇಲೆ ಬಂದು ತಮಗೆ ಸಮನ್ಸೇ ಮುಟ್ಟಿಲ್ಲ ಎಂದರು. ಜಾರಿಕಾರರನ್ನು ಸಾಕ್ಷಿಕಟ್ಟೆಗೆ ಕರೆದರು. ಅವರಿಗೆ ಆ ದಿನದ ನೆನಪೇನೂ ಇರಲಿಲ್ಲ, ಇಲ್ಲವೆಂದು ಒಪ್ಪಿಕೊಂಡರು. ಅನಂತರ ಷರಾ ಓದಲಾಯಿತು: ಬೆಳಿಗ್ಗೆ 7-40ಕ್ಕೆ ಹೋದಾಗ ಪ್ರತಿವಾದಿಯು ಕಣದಲ್ಲಿ ರಾಗಿ ತೂರುತ್ತಿದ್ದರು, ಓದಲು ಬಾರದೆಂದು ಹೇಳಿದ್ದರಿಂದ ಸಮನ್ಸನ್ನು ಓದಿ ಹೇಳಿ ಹಾಜರಾಗುವ ದಿನಾಂಕವನ್ನು ಎರಡು ಬಾರಿ ತಿಳಿಸಿ ಎಡಗೈ ಹೆಬ್ಬೆಟ್ಟಿನ ಗುರುತು ಪಡೆಯಲಾಯಿತು, ಗುರುತು ಅವರದೇ ಎಂದು ಕಣದಲ್ಲಿದ್ದ ಪಕ್ಕದ ಹೊಲದವರು ಸಹಿ ಮಾಡಿದರು. ನಾನು ಆ ದಿನ ಪ್ರತಿವಾದಿಯ ಪರವಾಗಿ ಪಾಟೀಸವಾಲಿಗೆ ಸಿದ್ಧನಾಗಿ ನಿಂತಿದ್ದೆ. ಕೇಳಲು ಒಂದು ಪ್ರಶ್ನೆಯೂ ಉಳಿಯಲಿಲ್ಲ.

ಈಗ ಇ-ಕೋರ್ಟ್ಸ್ ಯೋಜನೆಯಡಿ ಎನ್‌ಸ್ಟೆಪ್ ಎಂಬ ಮೊಬೈಲ್ ವ್ಯವಸ್ಥೆ ಬಂದಿದೆ. ಜಾರಿಕಾರ ಸ್ಥಳಕ್ಕೆ ಹೋದಾಗ ಆ ಜಾಗ ಮತ್ತು ಹೊತ್ತು ಜಿಪಿಎಸ್ ಮೂಲಕ ತಾನಾಗಿ ದಾಖಲಾಗುತ್ತವೆ. ಇದು ಬಹಳ ಒಳ್ಳೆಯ ಬದಲಾವಣೆ ಎಂದು ನಾನು ನಂಬುತ್ತೇನೆ. ಹಾಗಿದ್ದರೂ ಜಿಪಿಎಸ್ ಹೇಳುವುದು ಜಾರಿಕಾರ ಎಲ್ಲಿ ನಿಂತಿದ್ದ ಎಂಬುದನ್ನು ಮಾತ್ರ. ಎದುರಿಗೆ ಯಾರಿದ್ದರು, ಅವರಿಗೆ ವಿಷಯ ತಿಳಿಯಿತೇ ಎಂಬುದನ್ನು ನೀವೇ ಬರೆಯಬೇಕಾಗುತ್ತದೆ.

ಪ್ರಶ್ನೆ: ಮನೆಯಲ್ಲಿ ಗಂಡಸರಿಲ್ಲದಾಗ ಹೆಂಗಸರ ಕೈಯಲ್ಲಿ ಸಮನ್ಸ್ ಕೊಟ್ಟರೆ ನಡೆಯುತ್ತದೆಯೇ? ಮನೆಗೆಲಸದವರ ಕೈಯಲ್ಲಿ? (ದಾವಣಗೆರೆ)

ಉತ್ತರ: ಸಿವಿಲ್ ದಾವೆಗಳಲ್ಲಿ ನಡೆಯುತ್ತದೆ. ಪ್ರತಿವಾದಿ ಮನೆಯಲ್ಲಿಲ್ಲದೆ, ಬೇಗ ಸಿಗುವ ಸಂಭವವೂ ಇಲ್ಲದಿದ್ದಾಗ, ಜೊತೆಯಲ್ಲಿ ವಾಸಿಸುವ ಕುಟುಂಬದ ವಯಸ್ಕ ಸದಸ್ಯರಿಗೆ, ಗಂಡಾಗಲಿ ಹೆಣ್ಣಾಗಲಿ, ಕೊಡಬಹುದು ಎಂದು 1976ರ ತಿದ್ದುಪಡಿಯೇ ಹೇಳಿದೆ. ಆಳುಕಾಳುಗಳನ್ನು ಕುಟುಂಬದವರೆಂದು ಎಣಿಸುವಂತಿಲ್ಲ ಎಂದೂ ಅದೇ ನಿಯಮದಲ್ಲಿದೆ. ಕ್ರಿಮಿನಲ್ ಪ್ರಕರಣಗಳಲ್ಲಿ ಮಾತ್ರ ‘ವಯಸ್ಕ ಪುರುಷ ಸದಸ್ಯ’ ಎಂಬ ಮಾತು ಬಹುಕಾಲ ಉಳಿದಿತ್ತು. 2024ರ ಜುಲೈ 1ರಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಗೆ ಬಂದಾಗ ಆ ‘ಪುರುಷ’ ಎಂಬ ಪದ ಹೋಯಿತು. ಹೋಗಬೇಕಾದದ್ದು ಬಹಳ ತಡವಾಗಿ ಹೋಯಿತು.

ಪ್ರಶ್ನೆ: ನಮ್ಮ ನಿವೇಶನದ ಮೇಲೆ ಯಾರೋ ದಾವೆ ಹಾಕಿ ನಮ್ಮ ಗೈರುಹಾಜರಿಯಲ್ಲಿ ಡಿಕ್ರಿ ಪಡೆದಿದ್ದಾರೆ ಎಂದು ಹೋದ ವಾರ ತಿಳಿಯಿತು. ಸಮನ್ಸನ್ನು ‘ಬಾಗಿಲಿಗೆ ಅಂಟಿಸಿದೆ’ ಎಂದು ಷರಾ ಇದೆಯಂತೆ. ಆ ವಿಳಾಸದ ಮನೆಯನ್ನು ನಾವು ಬಿಟ್ಟು ನಾಲ್ಕು ವರ್ಷವಾಯಿತು. ಏನು ಮಾಡಬೇಕು? (ತುಮಕೂರು)

ಉತ್ತರ: ಮೊದಲು ದಿನ ಎಣಿಸಿ. ಏಕಪಕ್ಷೀಯ ಡಿಕ್ರಿಯನ್ನು ರದ್ದುಪಡಿಸಲು ಸಿವಿಲ್ ಪ್ರಕ್ರಿಯಾ ಸಂಹಿತೆಯ 9ನೇ ಆದೇಶದ 13ನೇ ನಿಯಮದಡಿ ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಅದಕ್ಕೆ 30 ದಿನಗಳ ಕಾಲಮಿತಿಯಿದೆ. ಸಮನ್ಸ್ ಸರಿಯಾಗಿ ಜಾರಿಯಾಗಿಲ್ಲದಿದ್ದರೆ ಈ 30 ದಿನಗಳು ಡಿಕ್ರಿಯ ದಿನದಿಂದಲ್ಲ, ಡಿಕ್ರಿಯ ವಿಷಯ ನಿಮಗೆ ತಿಳಿದ ದಿನದಿಂದ ಆರಂಭವಾಗುತ್ತವೆ. ಯಾರಿಂದ, ಯಾವ ದಿನ, ಹೇಗೆ ತಿಳಿಯಿತು ಎಂಬುದನ್ನು ಇಂದೇ ಬರೆದಿಡಿ. ಹೋದ ವಾರ ತಿಳಿಯಿತು ಎಂದು ಬರೆದಿದ್ದೀರಿ, ಈ ಸಂಚಿಕೆ ನಿಮ್ಮ ಕೈ ಸೇರುವ ಹೊತ್ತಿಗೆ ಅರ್ಧ ಅವಧಿ ಕಳೆದಿರಬಹುದು. ಆದ್ದರಿಂದ ಅಂಚೆಯಲ್ಲೂ ನಿಮಗೆ ಉತ್ತರ ಕಳುಹಿಸಿದ್ದೇನೆ.

ಎರಡನೆಯದಾಗಿ ಕಡತದಲ್ಲಿರುವ ಮೂಲ ಸಮನ್ಸಿನ ಎರಡೂ ಬದಿಯ ದೃಢೀಕೃತ ನಕಲು ಪಡೆಯಿರಿ. ಹಿಂಬದಿಯ ಷರಾ ಬಹಳ ಮುಖ್ಯ. ಬಾಗಿಲಿಗೆ ಅಂಟಿಸುವುದು ಜಾರಿಕಾರನ ಮೊದಲ ಆಯ್ಕೆಯಲ್ಲ. ತಕ್ಕ ಶ್ರದ್ಧೆಯಿಂದ ಹುಡುಕಿಯೂ ಪ್ರತಿವಾದಿ ಸಿಕ್ಕದೆ, ಅವರ ಪರವಾಗಿ ಪಡೆಯುವವರೂ ಇಲ್ಲದೆ ಹೋದಾಗ, ಅಥವಾ ಪ್ರತಿವಾದಿಯೋ ಅವರ ಪರವಾಗಿ ಪಡೆಯುವವರೋ ಸಹಿ ಮಾಡಲು ನಿರಾಕರಿಸಿದಾಗ, ಅವರು ಸಾಮಾನ್ಯವಾಗಿ ವಾಸಿಸುವ ಮನೆಯ ಹೊರಬಾಗಿಲಿಗೆ ಅಂಟಿಸಬಹುದು ಎಂದು 5ನೇ ಆದೇಶದ 17ನೇ ನಿಯಮ ಹೇಳುತ್ತದೆ. ಮನೆ ಇದೇ ಎಂದು ತೋರಿಸಿದವರ ಮತ್ತು ಅಂಟಿಸುವಾಗ ಎದುರಿಗಿದ್ದವರ ಹೆಸರು, ವಿಳಾಸಗಳನ್ನೂ ಬರೆಯಬೇಕು. ಷರಾದಲ್ಲಿ ಆ ಹೆಸರುಗಳಿವೆಯೇ, ಎಷ್ಟು ಸಲ ಹೋಗಿದ್ದರು, ವರದಿಯ ಜೊತೆ ಜಾರಿಕಾರರ ಅಫಿಡವಿಟ್ (ಪ್ರಮಾಣ ಮಾಡಿ ಬರೆದ ಹೇಳಿಕೆ) ಇತ್ತೇ, ಇಲ್ಲದಿದ್ದರೆ ನ್ಯಾಯಾಲಯವು ಜಾರಿಕಾರರನ್ನು ಪ್ರಮಾಣದ ಮೇಲೆ ವಿಚಾರಿಸಿತ್ತೇ ಎಂದು ನಿಮ್ಮ ವಕೀಲರು ನೋಡಬೇಕು. ಮನೆ ಬಿಟ್ಟಿದ್ದಕ್ಕೆ ಬಾಡಿಗೆ ಕರಾರು, ವಿದ್ಯುತ್ ಬಿಲ್ಲು, ಗ್ಯಾಸ್ ಸಂಪರ್ಕ ವರ್ಗಾವಣೆಯ ಕಾಗದ, ಮಕ್ಕಳ ಶಾಲೆಯ ವರ್ಗಾವಣೆ ಪತ್ರ ಏನಿದ್ದರೂ ಜೋಡಿಸಿ.

ಒಂದು ಎಚ್ಚರಿಕೆ. ಜಾರಿಯಲ್ಲಿ ಸಣ್ಣ ಲೋಪವಿತ್ತು ಎಂಬ ಒಂದೇ ಕಾರಣಕ್ಕೆ ಡಿಕ್ರಿ ರದ್ದಾಗುವುದಿಲ್ಲ. ಹಾಜರಾಗಬೇಕಾದ ದಿನಾಂಕ ನಿಮಗೆ ಬೇರೆ ದಾರಿಯಿಂದ ಗೊತ್ತಿತ್ತು, ಬಂದು ಉತ್ತರಿಸಲು ಸಮಯವೂ ಇತ್ತು ಎಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ ಅರ್ಜಿ ವಜಾ ಆಗುತ್ತದೆ. ಆದ್ದರಿಂದ ಗೊತ್ತಿದ್ದದ್ದನ್ನು ಗೊತ್ತಿರಲಿಲ್ಲ ಎಂದು ಬರೆಯಬೇಡಿ. ದಾವೆಯ ನಡುವೆ ನಿಮಗೆ ರಿಜಿಸ್ಟರ್ಡ್ ಪೋಸ್ಟ್ ಬಂದು ‘ನಿರಾಕರಿಸಿದ್ದಾರೆ’ ಎಂಬ ಅಂಚೆಯವರ ಷರಾದೊಂದಿಗೆ ವಾಪಸು ಹೋಗಿದ್ದರೆ ಅದನ್ನು ವಕೀಲರಿಗೆ ಮೊದಲೇ ಹೇಳಿ. ಅಂಥ ಷರಾವನ್ನು ನ್ಯಾಯಾಲಯಗಳು ಜಾರಿಯೆಂದೇ ಪರಿಗಣಿಸುತ್ತವೆ.

ಪ್ರಶ್ನೆ: ನನ್ನ ಮಗಳು ಗಂಡನೊಂದಿಗೆ ಟೆಕ್ಸಾಸಿನಲ್ಲಿದ್ದಳು, ಮನಸ್ತಾಪವಾಗಿ ಈಗ ನಮ್ಮ ಜೊತೆ ಇದ್ದಾಳೆ. ಅಳಿಯ ಅಲ್ಲಿ ವಿಚ್ಛೇದನಕ್ಕೆ ಹಾಕಿ ಅದರ ಕಾಗದಗಳನ್ನು ವಾಟ್ಸ್ಆ್ಯಪಿನಲ್ಲಿ ಕಳುಹಿಸಿದ್ದಾನೆ. ಕೊರಿಯರಿನಲ್ಲೂ ಒಂದು ಕವರು ಬಂದಿದೆ, ಅದರಲ್ಲಿ ಸಹಿ ಮಾಡಿ ಕಳುಹಿಸಬೇಕೆಂದು ಒಂದು ಹಾಳೆಯಿದೆ. ಇದು ಸಮನ್ಸ್ ಜಾರಿ ಆದಂತೆಯೇ? (ಮೈಸೂರು)

ಉತ್ತರ: ಆ ಹಾಳೆಗೆ ವಕೀಲರಿಗೆ ತೋರಿಸದೆ ಸಹಿ ಮಾಡಿಸಬೇಡಿ. ಅದು ಬಹುಶಃ ‘ವೇವರ್ ಆಫ್ ಸರ್ವಿಸ್’, ಅಂದರೆ ನನಗೆ ವಿಧಿವತ್ತಾಗಿ ಸಮನ್ಸ್ ಕೊಡುವ ಅಗತ್ಯವಿಲ್ಲ ಎಂದು ಮಗಳೇ ಬಿಟ್ಟುಕೊಡುವ ಪತ್ರ. ಟೆಕ್ಸಾಸಿನಲ್ಲಿ ಅದು ಸಾಮಾನ್ಯವಾಗಿ ನೋಟರಿಯ ಮುಂದೆ ಆಗಬೇಕು, ಅರ್ಜಿ ಸಲ್ಲಿಕೆಯಾದ ನಂತರವೇ ಆಗಬೇಕು. ಒಮ್ಮೆ ಕೊಟ್ಟರೆ ಅನೇಕ ತಕರಾರುಗಳ ಬಾಗಿಲು ಮುಚ್ಚಿಹೋಗಬಹುದು.

ಒಂದು ದೇಶದ ನ್ಯಾಯಾಲಯದ ಕಾಗದವನ್ನು ಇನ್ನೊಂದು ದೇಶದಲ್ಲಿ ತಲುಪಿಸಲು 1965ರ ಹೇಗ್ ಒಪ್ಪಂದವಿದೆ. ಅಮೆರಿಕ ಅದರಲ್ಲಿದೆ. ಭಾರತ 2006ರಲ್ಲಿ ಸೇರಿದ್ದು, ನಮ್ಮ ಮಟ್ಟಿಗೆ ಅದು 2007ರ ಆಗಸ್ಟ್ 1ರಿಂದ ಜಾರಿಯಲ್ಲಿದೆ. ಅಂಚೆಯ ಮೂಲಕ ನೇರವಾಗಿ ಕಳುಹಿಸುವುದನ್ನು ಒಪ್ಪುವುದಿಲ್ಲ ಎಂದು ಭಾರತ ಸೇರುವಾಗಲೇ ತಿಳಿಸಿದೆ. ಟೆಕ್ಸಾಸಿನ ಪ್ರಮಾಣಪತ್ರ ಪಡೆದ ಪ್ರೊಸೆಸ್ ಸರ್ವರ್ ಮೈಸೂರಿಗೆ ಬಂದು ಬಾಗಿಲು ತಟ್ಟಿದರೂ ಆ ಪ್ರಮಾಣಪತ್ರ ಇಲ್ಲಿ ಅವರಿಗೆ ಯಾವ ಅಧಿಕಾರವನ್ನೂ ಕೊಡುವುದಿಲ್ಲ. ಸರಿಯಾದ ದಾರಿಯೆಂದರೆ, ಅಲ್ಲಿನ ವಕೀಲರು ನಿಗದಿತ ನಮೂನೆಯಲ್ಲಿ ದೆಹಲಿಯ ಕೇಂದ್ರ ಕಾನೂನು ಸಚಿವಾಲಯಕ್ಕೆ ಕೋರಿಕೆ ಕಳುಹಿಸಬೇಕು. ಅಲ್ಲಿಂದ ಅದು ಸಂಬಂಧಪಟ್ಟ ಜಿಲ್ಲಾ ನ್ಯಾಯಾಲಯಕ್ಕೆ ಬರುತ್ತದೆ. ನ್ಯಾಯಾಲಯದ ಆದೇಶ ಜಾರಿಕಾರ ನಿಮ್ಮ ಮನೆಗೆ ಬಂದು ಕೊಟ್ಟು, ಸಹಿ ಪಡೆದು, ಷರಾ ಬರೆಯುತ್ತಾರೆ. ಆ ವರದಿಯ ಮೇಲೆ ಪ್ರಮಾಣಪತ್ರ ತಯಾರಾಗಿ ಅಮೆರಿಕಕ್ಕೆ ಹೋಗುತ್ತದೆ. ಇದಕ್ಕೆ ಹಲವು ತಿಂಗಳು ಹಿಡಿಯುತ್ತದೆ, ಅದಕ್ಕೇ ಕೆಲವರು ವಾಟ್ಸ್ಆ್ಯಪಿನ ಅಡ್ಡದಾರಿ ಹಿಡಿಯುತ್ತಾರೆ.

ಹಾಗೆಂದು ಜಾರಿ ಸರಿಯಾಗಿಲ್ಲ ಎಂದುಕೊಂಡು ಸುಮ್ಮನೆ ಕೂರುವುದು ಅಪಾಯ. ಅಲ್ಲಿನ ನ್ಯಾಯಾಧೀಶರ ಮುಂದೆ ಯಾರೂ ತಕರಾರು ಎತ್ತದಿದ್ದರೆ ತೀರ್ಪು ಆಗಿಬಿಡಬಹುದು. ಅಂಥ ತೀರ್ಪು ಭಾರತದಲ್ಲಿ ಮಾನ್ಯವಾಗುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಹೆಂಡತಿ ತಾನಾಗಿ ಒಪ್ಪಿ ಭಾಗವಹಿಸದ, ನಮ್ಮ ವಿವಾಹ ಕಾನೂನಿನಲ್ಲಿಲ್ಲದ ಕಾರಣದ ಮೇಲೆ ಕೊಟ್ಟ ವಿದೇಶಿ ವಿಚ್ಛೇದನವನ್ನು ಇಲ್ಲಿ ಒಪ್ಪಬೇಕಿಲ್ಲ ಎಂದು ವೈ. ನರಸಿಂಹ ರಾವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1991ರಲ್ಲೇ ಹೇಳಿದೆ. ಆದರೆ ಟೆಕ್ಸಾಸಿನಲ್ಲಿರುವ ಆಸ್ತಿ, ಬ್ಯಾಂಕಿನ ಹಣ, ಮಕ್ಕಳಿದ್ದರೆ ಅವರ ಪಾಲನೆಯ ವಿಷಯದಲ್ಲಿ ಅಲ್ಲಿನ ತೀರ್ಪು ಅಲ್ಲಿ ನಡೆಯುತ್ತದೆ. ಆ ಕೌಂಟಿಯ ವಕೀಲರೊಬ್ಬರನ್ನು ಕೂಡಲೇ ಸಂಪರ್ಕಿಸಿ. ಆ ನ್ಯಾಯಾಲಯಕ್ಕೆ ತನ್ನ ಮೇಲೆ ಅಧಿಕಾರವೇ ಇಲ್ಲ ಎಂಬ ತಕರಾರನ್ನು, ಅಧಿಕಾರವನ್ನು ಒಪ್ಪಿಕೊಂಡಂತಾಗದ ಹಾಗೆ, ಎಲ್ಲಕ್ಕಿಂತ ಮೊದಲು ಸಲ್ಲಿಸಲು ಟೆಕ್ಸಾಸಿನ ನಿಯಮಗಳಲ್ಲಿ ಪ್ರತ್ಯೇಕ ಕ್ರಮವಿದೆ; ಜಾರಿಯ ಲೋಪವನ್ನು ಮಾತ್ರ ಎತ್ತಿದರೆ ಹಾಜರಾದಂತೆಯೇ ಆಗಬಹುದು. ಆ ಕ್ರಮವನ್ನು ಬಿಟ್ಟು ಮಗಳು ತಾನೇ ನ್ಯಾಯಾಲಯಕ್ಕೆ ಇ-ಮೇಲ್ ಬರೆದರೆ ಅದನ್ನೇ ಹಾಜರಾತಿ ಎಂದು ಎಣಿಸುವ ಸಂಭವವಿದೆ. ಕೊರಿಯರಿನ ಕವರನ್ನು ಎಸೆಯಬೇಡಿ, ವಾಟ್ಸ್ಆ್ಯಪಿನ ಸಂದೇಶ ಬಂದ ದಿನಾಂಕ ಕಾಣುವಂತೆ ಚಿತ್ರ ತೆಗೆದಿಟ್ಟುಕೊಳ್ಳಿ. ಮುಂದೆ ಯಾವತ್ತಾದರೂ ಮೈಸೂರಿನ ನ್ಯಾಯಾಲಯದ ಜಾರಿಕಾರರು ಕಾಗದ ಹಿಡಿದು ಮನೆಗೆ ಬಂದರೆ ಬಾಗಿಲು ತೆರೆದು ಪಡೆದುಕೊಳ್ಳಿ, ಪಡೆದ ದಿನಾಂಕ ಮತ್ತು ಗಂಟೆಯನ್ನು ಸಹಿಯ ಕೆಳಗೆ ಮಗಳ ಕೈಯಿಂದಲೇ ಬರೆಸಿ, ಅದೇ ದಿನ ವಕೀಲರಿಗೆ ತಿಳಿಸಿ.